ದೊಡ್ಡವ್ವ ಹಡಗಿನಲ್ಲಿ ಎಣಿಸಿದ್ದು

ನಮ್ಮ ದೊಡ್ಡವ್ವನಿಗೆ ನಾಲ್ಕರವರೆಗೆ ಎಣಿಸಲು ಚೆನ್ನಾಗಿ ಬರುತ್ತದೆ. ತೊಂದರೆ ಏನೆಂದರೆ, ಮೂರರವರೆಗೆ ಎಣಿಸಲು ಬರುವುದಿಲ್ಲ.

ಇದನ್ನು ನಾನು ಚಾಡಿ ಹೇಳುವವನಂತೆ ಹೇಳುತ್ತಿಲ್ಲ. ಜಮಖಂಡಿಯ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ಗಣಿತ ಕಲಿಸುತ್ತಿರುವ ಮಾಸ್ತರ ನಾನು. ಎಂಥೆಂಥ ಮೊದ್ದುಗಳನ್ನೋ ಹತ್ತನೆಯ ತರಗತಿ ದಾಟಿಸಿದ್ದೇನೆ. ಆದರೆ ನನ್ನ ದೊಡ್ಡಪ್ಪನ ಹೆಂಡತಿ, ನನ್ನ ಮನೆಯಲ್ಲೇ ಇರುವ ಎಪ್ಪತ್ತರ ಹೆಣ್ಣುಮಗಳು, ಆಕೆಗೆ ನನ್ನ ಮಕ್ಕಳು ಮೂರೇ ಎಂದು ಒಪ್ಪಿಸಲು ನನ್ನಿಂದ ಆಗಿಲ್ಲ. ಹೆತ್ತವಳು ಎದುರಿಗೇ ನಿಂತಿದ್ದಾಳೆ, ರೇಷನ್ ಕಾರ್ಡಿನಲ್ಲಿ ಮಕ್ಕಳ ಹೆಸರು ಮೂರೇ ಇವೆ, ಮೂರೂ ಮಕ್ಕಳು ಬಾಗಿಲಲ್ಲಿ ಸಾಲಾಗಿ ನಿಂತು ಹಲ್ಲು ಕಿಸಿಯುತ್ತಿವೆ. ಇನ್ನೇನು ಪುರಾವೆ ಬೇಕು?

ಆಕೆ ಎಣಿಸುವ ರೀತಿಯನ್ನು ನೀವು ನೋಡಬೇಕು. ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ದೊಡ್ಡವ್ವ ಮಕ್ಕಳನ್ನೂ ಹಾಗೇ ಅಳೆಯುತ್ತಾಳೆ. ಹೊಸ್ತಿಲಲ್ಲಿ ನಿಂತು, ಬಲಗೈಯನ್ನು ತನ್ನ ಎಡ ಮಗ್ಗುಲಿಗೆ ತಂದು, ಅಲ್ಲಿ ಏನೂ ಇಲ್ಲದ ಕಡೆ ಮೆಲ್ಲಗೆ ತಟ್ಟಿ "ಲಾಭ" ಎನ್ನುತ್ತಾಳೆ. ಆಮೇಲೆ ಒಂಬತ್ತು ವರ್ಷದ ದೊಡ್ಡಾಕಿಯ ತಲೆ ಮುಟ್ಟಿ "ಎರಡ", ಆರು ವರ್ಷದ ನಡುವಿನಾಕಿಗೆ "ಮೂರ", ಮೂರೂವರೆ ವರ್ಷದ ಸಣ್ಣಾಂವನಿಗೆ "ನಾಕ. ಬರೋಬ್ಬರಿ ಐತಿ, ಬಾಗಲಾ ಹಾಕು."

ಆ ಎಡ ಮಗ್ಗುಲಿನಲ್ಲಿ ಯಾರಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಹುಟ್ಟುವ ಹಿಂದಿನ ವರ್ಷ ಆಕೆಯ ಒಬ್ಬನೇ ಮಗ, ನಾಲ್ಕು ವರ್ಷದವನು, ಜ್ವರ ಬಂದು ಹೋದ. ಬೀಳಗಿ ತಾಲೂಕಿನ ಹೊಳೆದಂಡೆಯ ನಮ್ಮ ಹಳ್ಳಿಯಲ್ಲಿ, ಹೊಲದ ಬದುವಿನ ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿದರು. ಆಮೇಲೆ ಆಣೆಕಟ್ಟು ಬಂತು, ಹಿನ್ನೀರು ಬಂತು, ಊರಿಗೆ ಊರೇ ಎದ್ದು ಹೊರಟಿತು. ಟ್ರ್ಯಾಕ್ಟರ್ ಹತ್ತಿ ಕುಳಿತಿದ್ದ ಮನೆಯ ಹುಡುಗರು ನಾವು ಐವರು. ದೊಡ್ಡವ್ವ ಅವತ್ತು ಲಾಭದಿಂದ ಶುರುಮಾಡಿ ಆರು ಎಣಿಸಿ "ನಡೀಲಿ" ಅಂದಳು. ಅವನನ್ನು ನೀರಿನ ಕೆಳಗೆ ಬಿಟ್ಟು ಬರಲು ಆಕೆ ಒಪ್ಪಲಿಲ್ಲ, ಅಷ್ಟೇ. ಅಂದಿನಿಂದ ಆಕೆಯ ಎಡಗೈ ಯಾವಾಗಲೂ ಮೈಯಿಂದ ಒಂದು ಗೇಣು ದೂರ, ಅರ್ಧ ಮುಚ್ಚಿದಂತೆ ಇರುತ್ತದೆ. ಸಂತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವವರ ಕೈ ಇರುತ್ತದಲ್ಲ, ಹಾಗೆ.

ಊಟಕ್ಕೂ ಒಂದು ಸಣ್ಣ ತಾಟು ಹೆಚ್ಚು. ಅದರಲ್ಲಿ ಕಾಲು ರೊಟ್ಟಿ, ಒಂದು ಚಮಚ ಬೇಳೆ. ಊಟ ಮುಗಿಯುವ ಹೊತ್ತಿಗೆ ಆ ತಾಟು ಖಾಲಿ. ನಾನು ವಿಚಾರವಂತ ಮನುಷ್ಯ, ದೆವ್ವಗಿವ್ವ ನಂಬುವವನಲ್ಲ. ಬೆಕ್ಕು ತಿನ್ನುತ್ತದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಮ್ಮ ಓಣಿಯಲ್ಲಿ ಬೆಕ್ಕಿಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ಬನಹಟ್ಟಿಯ ನೇಕಾರರ ಮನೆಯ ಮಗಳು. ಒಂದು ಎಳೆ ಹೆಚ್ಚುಕಡಿಮೆಯಾದರೆ ಇಡೀ ಸೀರೆ ಕೆಟ್ಟಿತು ಎನ್ನುವ ಮನೆತನ. ಆಕೆ ಹನ್ನೊಂದು ವರ್ಷ ಈ ಹೆಚ್ಚಿನ ಎಳೆಯನ್ನು ಸಹಿಸಿಕೊಂಡಳು. ಆದರೆ ಈಚೆಗೆ ನಡುವಿನಾಕಿ ಹಾಸಿಗೆಯ ಅಂಚಿಗೆ ಸರಿದು ಮಲಗತೊಡಗಿದಳು. ಯಾಕೆ ಅಂದರೆ "ಅಂವಗ ಜಾಗಾ ಬ್ಯಾಡೇನು?" ಎಂದು ನಮ್ಮನ್ನೇ ಕೇಳುತ್ತಿದ್ದಳು. ಎರಡು ಸಲ ಕೆಳಗೆ ಬಿದ್ದು ಹಣೆ ಒಡೆದುಕೊಂಡಳು. ಸಾಲಿಯಲ್ಲೂ ಪಕ್ಕದ ಜಾಗ ಬಿಟ್ಟೇ ಕೂಡುತ್ತಾಳೆ ಎಂದು ಅವಳ ಟೀಚರ್ ಹೇಳಿ ಕಳಿಸಿದರು.

"ನೋಡ್ರಿ, ನನಗ ಅತ್ತಿಯವರ ಮ್ಯಾಲ ಸಿಟ್ಟಿಲ್ಲ. ಹುಡುಗರ ತಲಿ ಕೆಡಾಕತ್ತೈತಿ. ಹುನ್ನೂರಾಗ ಅವರ ತಮ್ಮನ ಮನಿ ಐತಿ, ಅಲ್ಲೇ ಇರಲಿ" ಎಂದಳು ಹೆಂಡತಿ.

ದೊಡ್ಡವ್ವನನ್ನು ಕಳಿಸುವುದು ನನ್ನಿಂದಾಗದ ಕೆಲಸ. ನನ್ನ ಅವ್ವ ಬೇಗ ಹೋದಳು. ನನಗೆ ತಲೆ ಬಾಚಿ, ಬುತ್ತಿ ಕಟ್ಟಿ, ಮಗ್ಗಿ ಒಪ್ಪಿಸಿಕೊಂಡು ಸಾಲಿಗೆ ಕಳಿಸಿದವಳು ಈ ದೊಡ್ಡವ್ವ. ಎಣಿಕೆ ಬಾರದ ಹೆಂಗಸಿನ ಹತ್ತಿರ ಮಗ್ಗಿ ಕಲಿತು ನಾನು ಗಣಿತದ ಮಾಸ್ತರ ಆಗಿದ್ದೇನೆ.

ಅಷ್ಟರಲ್ಲಿ ಮಕ್ಕಳು ಮೊಬೈಲಿನಲ್ಲಿ ಯಾವುದೋ ದೊಡ್ಡ ಹಡಗು ನೋಡಿ ಹಟ ಹಿಡಿದವು. ಮುಂಬೈಯಿಂದ ಹೊರಟು ಸಮುದ್ರದಲ್ಲಿ ಸುತ್ತಾಡಿಸಿ ಮೂರನೆಯ ದಿನ ವಾಪಸು ತಂದುಬಿಡುವ ಹಡಗು. ಒಳಗೇ ಈಜುಕೊಳ, ಜಾರುಬಂಡೆ, ಹೊತ್ತು ಹೊತ್ತಿಗೆ ಊಟ. ದೊಡ್ಡವ್ವ ಬರಲಾರಳು ಎಂದುಕೊಂಡಿದ್ದೆವು. "ನೀರಿನ ಮ್ಯಾಲ ಹೋಗೂದಾದ್ರ ನಾವೂ ಬರತೀವಿ" ಅಂದಳು. 'ನಾವೂ' ಎಂದದ್ದನ್ನು ಹೆಂಡತಿ ಗಮನಿಸಿದಳು. ಅಲ್ಲೇ ಷರತ್ತು ಹಾಕಿದಳು. ಹಡಗಿನಲ್ಲಿ ನಾಲ್ಕು ಎಣಿಸಿದರೆ ಎರಡು ಸಲ ಮಾಫಿ, ಮೂರನೆಯ ಸಲಕ್ಕೆ ಹುನ್ನೂರು. ಇದನ್ನು ದೊಡ್ಡವ್ವನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮೀರಜಿನಿಂದ ರೈಲು ಬಿಟ್ಟ ಮೇಲೆ ಹೇಗೋ ಹೇಳಿದೆ.

ಆಕೆ ತನ್ನ ಎಡ ಮಗ್ಗುಲಿಗೆ ಬಾಗಿ ಕೇಳಿಸಿಕೊಂಡು ಹೇಳಿದಳು. "ಹುನ್ನೂರಿಗೆ ಹೋಗಾಕ ನಾ ತಯಾರ ಅದೀನಿ ತಮ್ಮಾ. ಅಂವಾ ಬರಂಗಿಲ್ಲ ಅಂತಾನ. ಇಲ್ಲಿ ಹುಡುಗರ ಕೂಡ ಹೊಂದಿಕೊಂಡಾನ."

ಅಂದರೆ ಆಕೆ ಹೋಗುತ್ತಾಳೆ, ಅವನು ನಮ್ಮಲ್ಲೇ ಉಳಿಯುತ್ತಾನೆ! ಈ ಮಾತನ್ನು ನಾನು ಹೆಂಡತಿಗೆ ಹೇಳಲಿಲ್ಲ. ಮುಂಬೈ ಬರುವವರೆಗೂ ಸುಮ್ಮನೆ ಶೇಂಗಾ ತಿನ್ನುತ್ತ ಕುಳಿತಿದ್ದೆ.

ಹಡಗು ಹತ್ತಿದ ಕೂಡಲೇ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ, ಅಪಾಯ ಬಂದರೆ ಏನು ಮಾಡಬೇಕೆಂದು ತೋರಿಸಿದರು. ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಂಚುತ್ತಿದ್ದ ಹುಡುಗಿಯ ಮುಂದೆ ದೊಡ್ಡವ್ವ ನಾಲ್ಕು ಬೆರಳೆತ್ತಿದಳು. "ಸಣ್ಣೂವು ನಾಕ ಕೊಡ ಬೇ." ಕನ್ನಡ ತಿಳಿಯದ ಆ ಹುಡುಗಿ ಬೆರಳು ನೋಡಿ ನಾಲ್ಕು ಕೊಟ್ಟಳು. ದೊಡ್ಡವ್ವ ನಾಲ್ಕನೆಯದರ ಪಟ್ಟಿಯನ್ನು ಗಾಳಿಯಲ್ಲೇ ಎಳೆದು ಬಿಗಿ ಮಾಡಿ, "ಬಿಗಿ ಆತೇನೋ?" ಎಂದು ಕೇಳಿದಳು. ಪಕ್ಕದ ಗುಜರಾತಿ ಕುಟುಂಬ ಎರಡು ಹೆಜ್ಜೆ ಹಿಂದೆ ಸರಿಯಿತು. ಹೆಂಡತಿ ನನ್ನ ಕಿವಿಯಲ್ಲಿ "ಒಂದಾತು" ಅಂದಳು.

ಸಂಜೆ ಕೋಣೆಗೆ ಬಂದರೆ, ಕೋಣೆ ಗುಡಿಸುವಾತ ಮಕ್ಕಳ ಹಾಸಿಗೆಯ ಮೇಲೆ ಟವೆಲ್ ಮಡಚಿ ಆನೆ ಮಾಡಿ ಇಟ್ಟಿದ್ದ. ಮಗುವಿಗೊಂದು ಆನೆ ಅಲ್ಲಿನ ಪದ್ಧತಿಯಂತೆ. ಆನೆಗಳು ನಾಲ್ಕಿದ್ದವು. ನಾನು ಹೊರಗೆ ಹೋಗಿ ಅವನನ್ನು ಹಿಡಿದು, ಆ ಮುದುಕಿ ನಿನಗೇನಾದರೂ ಹೇಳಿದಳೇ ಎಂದು ಹಿಂದಿಯಲ್ಲಿ ಕೇಳಿದೆ. ಯಾರೂ ಹೇಳಿಲ್ಲ ಸಾಹೇಬ, ಬೆಳಿಗ್ಗೆ ಈ ಓಣಿಯಲ್ಲಿ ನಿಮ್ಮ ನಾಲ್ಕು ಮಕ್ಕಳು ಓಡಾಡುವಾಗ ನಾನೇ ನೋಡಿದೆ ಅಂದ. ಒಳಗೆ ದೊಡ್ಡವ್ವ ಆನೆಗಳನ್ನು ಮುಟ್ಟಿ ಮುಟ್ಟಿ, "ಲಾಭ, ಎರಡ, ಮೂರ, ನಾಕ. ಬರೋಬ್ಬರಿ ಐತಿ" ಎನ್ನುತ್ತಿದ್ದಳು. ಹೆಂಡತಿ "ಎರಡಾತು" ಅಂದಳು. ನಾನು ಸಿಟ್ಟಿನಲ್ಲಿ ಒಂದು ಆನೆಯನ್ನು ಬಿಚ್ಚಿ ಮುಖ ಒರೆಸಿಕೊಂಡೆ. ಅದು ಯಾರ ಆನೆಯಾಗಿತ್ತೋ ಏನೋ, ಮರುದಿನ ಮಧ್ಯಾಹ್ನದವರೆಗೆ ದೊಡ್ಡವ್ವ ನನ್ನ ಸಂಗಡ ಮಾತಾಡಲಿಲ್ಲ.

ಎರಡನೆಯ ದಿನ ಬೆಳಗಾದರೆ ಸಮುದ್ರದ ಮೇಲೆ ಮಂಜು ಇಳಿದಿತ್ತು. ಆಕಾಶ ಯಾವುದು, ನೀರು ಯಾವುದು ತಿಳಿಯದಷ್ಟು ಮಂಜು. ಹಡಗು ನಿಂತಿದೆಯೋ ಹೋಗುತ್ತಿದೆಯೋ ಅದೂ ತಿಳಿಯದು. ದೊಡ್ಡವ್ವ ಹಡಗಿನಂಚಿನ ಕಟಕಟೆ ಹಿಡಿದು ಕೆಳಗೆ ನೋಡುತ್ತ ನಿಂತಿದ್ದಳು, ಬರಿಗಾಲಲ್ಲಿ. ಮೂರೂ ಮಕ್ಕಳು ಆಕೆಯ ಪಕ್ಕ ಬರಿಗಾಲಲ್ಲಿ. ಎಲ್ಲರ ಚಪ್ಪಲಿಗಳನ್ನು ಆಕೆ ಗುಡಿಯ ಮುಂದೆ ಬಿಡುವ ಹಾಗೆ ಮೂಲೆಯಲ್ಲಿ ಬಿಡಿಸಿದ್ದಳು.

"ಆಯಿ, ಕೆಳಗ ಏನೈತಿ?" ಎಂದು ನಡುವಿನಾಕಿ ಕೇಳಿದಳು.

"ಊರ ಅದಾವವ್ವಾ. ಇಷ್ಟ ನೀರ ನಿಲ್ಲಿಸ್ಯಾರ ಅಂದ್ರ ಎಷ್ಟ ಊರ ಮುಳಗಿರಬೇಕ ನೋಡು. ಮಂದೀ ಮನಿ ಮಾಳಗಿ ಮ್ಯಾಲ ಅದೀವಿ, ಚಪ್ಪಲಿ ಹಾಕ್ಕೊಂಡ ತುಳೀಬಾರದ."

ಬೀಳಗಿ ಕಡೆಯ ಹಿನ್ನೀರಿನಲ್ಲಿ ದೋಣಿ ಹತ್ತುವಾಗ ಆಕೆ ಹಾಗೇ ಮಾಡುತ್ತಾಳೆ, ನಾನು ಬಲ್ಲೆ. ಇದು ಸಮುದ್ರ, ಇದನ್ನು ಯಾರೂ ಕಟ್ಟೆ ಕಟ್ಟಿ ನಿಲ್ಲಿಸಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಕೆಳಗಿನ ಆ ಬಿಳಿ ಮಂಜು, ಮುಂಜಾನೆ ಒಲೆ ಹಚ್ಚಿದ ಊರಿನ ಹೊಗೆಯ ಹಾಗೇ ಕಂಡಿತು. ನಾನೂ ಮೆಲ್ಲಗೆ ಚಪ್ಪಲಿ ಬಿಟ್ಟೆ. ಹೆಂಡತಿ ನೋಡಲಿಲ್ಲ ಎಂದುಕೊಂಡಿದ್ದೇನೆ.

ಮಧ್ಯಾಹ್ನ ಮಕ್ಕಳಿಗೆಲ್ಲ ಆಟ ಆಡಿಸಿ, ಒಂದೇ ತೆರನ ನೀಲಿ ಟೋಪಿ ಹಂಚಿದರು. ಆಮೇಲೆ ಊಟದ ಹಾಲಿನ ಬಾಗಿಲಲ್ಲಿ ನೂಕುನುಗ್ಗಲು. ನಾನು ಗಣಿತದವನು, ನಮ್ಮ ಹತ್ತಿರ ನಿಂತ ಟೋಪಿ ಎಣಿಸಿದೆ. ಮೂರು. ಅಷ್ಟರಲ್ಲಿ ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು ಕೈ ಎತ್ತಿದಳು. ಹೆಂಡತಿಯ ಮುಖ ಬಿಗಿಯಾಯಿತು. ಮೂರನೆಯ ಸಲ, ನೂರಾರು ಜನರ ಮುಂದೆ. ನನ್ನ ಕಣ್ಣ ಮುಂದೆ ಹುನ್ನೂರಿನ ಬಸ್ಸು ಬಂದು ನಿಂತಿತು.

"ಲಾಭ," ಅಂದಳು ದೊಡ್ಡವ್ವ. "ಎರಡ. ಮೂರ."

ಅಷ್ಟಕ್ಕೇ ನಿಂತಳು.

ಹೆಂಡತಿ ನನ್ನ ತೋಳು ಹಿಡಿದಳು. "ಕೇಳಿದ್ರಿ? ಮೂರ ಅಂದ್ರು. ಬರೋಬ್ಬರಿ ಎಣಿಸಿದ್ರು. ಇನ್ನ ಹುನ್ನೂರ ಬ್ಯಾಡ ಬಿಡ್ರಿ." ಅವಳ ಕಣ್ಣಲ್ಲಿ ನೀರೇ ಬಂದಿತ್ತು. ನನಗೂ ಕುಣಿಯಬೇಕೆನಿಸಿತು. ಇಪ್ಪತ್ತೈದು ವರ್ಷದ ತಪ್ಪು ಲೆಕ್ಕ ಸಮುದ್ರದ ಗಾಳಿಗೆ ಸರಿಹೋಗಿತ್ತು.

ದೊಡ್ಡವ್ವ ಬಾಗಿಲು ಬಿಡಲಿಲ್ಲ. ಮುಖ ಸುಣ್ಣದಂತೆ ಬಿಳಿಚಿತ್ತು. "ಒಂದ ಕಡಿಮಿ ಐತಿ."

"ಇಲ್ಲ ದೊಡ್ಡವ್ವ, ಮೂರ ಬರೋಬ್ಬರಿ ಐತಿ."

"ನಾಕ ಬರಬೇಕ ತಮ್ಮಾ. ಮೂರ ಬಂತು. ಸಣ್ಣಾಂವ ಎಲ್ಲಿ?"

ಇಲ್ಲೇ ಇದ್ದಾನಲ್ಲ ಎಂದು ನಾನು ನನ್ನ ಬೆರಳು ಹಿಡಿದು ನಿಂತಿದ್ದ ನೀಲಿ ಟೋಪಿಯನ್ನು ತೋರಿಸಿದೆ. ದೊಡ್ಡವ್ವ ಟೋಪಿ ಎತ್ತಿದಳು. ಅದರ ಕೆಳಗೆ ಯಾರದೋ ಮಗು ಆರಾಮವಾಗಿ ಬಿಸ್ಕೀಟು ತಿನ್ನುತ್ತಿತ್ತು.

ಆಮೇಲಿನದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ. ಹೆಂಡತಿ ಮಗನ ಹೆಸರು ಕೂಗುತ್ತ ಓಡಿದಳು. ಹೊರಗೆ ಮಂಜಿಗೆ ಹತ್ತು ಮಾರು ಆಚೆಯದು ಕಾಣುತ್ತಿರಲಿಲ್ಲ. ಕೂಗಿದ ಹೆಸರು ಎಲ್ಲಿಯೂ ತಾಗದೆ ಹೋಗಿಬಿಡುತ್ತಿತ್ತು. ನಾನು ಕಟಕಟೆಯ ಕೆಳಗಿನ ಸಂದಿಯನ್ನು ಅಳೆದೆ, ಕಣ್ಣಿನಿಂದಲೇ. ಮೂರೂವರೆ ವರ್ಷದ ಮಗು ದಾಟುವಷ್ಟಿತ್ತು. ಅಷ್ಟು ನಿಖರವಾಗಿ ನಾನು ಜೀವನದಲ್ಲಿ ಯಾವುದನ್ನೂ ಅಳೆದಿಲ್ಲ.

ದೊಡ್ಡವ್ವ ಮಾತ್ರ ಓಡಲಿಲ್ಲ. ತನ್ನ ಎಡಗೈ ನೋಡಿಕೊಂಡಳು. "ಅಂವನೂ ಕೈ ಬಿಡಿಸಿಕೊಂಡ ಹೋಗ್ಯಾನ," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಸೀದಾ ಹಡಗಿನ ಹಿಂಭಾಗಕ್ಕೆ ನಡೆದಳು. ಓಡಿ ಬಂದ ಹೆಂಡತಿ, ಹೆಣ್ಣುಮಕ್ಕಳು, ನಾನು ಆಕೆಯ ಹಿಂದೆ.

ಅಲ್ಲಿ ಈಜುಕೊಳದ ಆಚೆ, ಕಟಕಟೆಯಿಂದ ಎರಡೇ ಹೆಜ್ಜೆ ಈಚೆಗೆ, ಒರಗುವ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಸಣ್ಣಾಂವ ಕಾಲು ಚಾಚಿ ಕುಳಿತಿದ್ದ. ಇನ್ನೊಂದು ಖಾಲಿ. ಅವನ ಬಲಗೈ ಆ ಖಾಲಿ ಕುರ್ಚಿಯ ಕಡೆಗೆ ಚಾಚಿಕೊಂಡಿತ್ತು, ಅರ್ಧ ಮುಚ್ಚಿದಂತೆ.

ಹೆಂಡತಿ ಅವನನ್ನು ಬಾಚಿ ಎತ್ತಿಕೊಂಡಳು. "ಯಾಕ ಬಂದಿಲೇ ಇಲ್ಲಿಗೆ?"

"ನೀರ ನೋಡಾಕ," ಅಂದ ಅವನು. "ಅಣ್ಣ ಬ್ಯಾಡ ಅಂದ. ಅವ್ವ ಬರತಾಳ, ಕೂಡು ಅಂದ."

"ಯಾವ ಅಣ್ಣ?"

ಇಷ್ಟು ಗೊತ್ತಿಲ್ಲವೇ ಎನ್ನುವ ಹಾಗೆ ಅವನು ತಾಯಿಯನ್ನು ನೋಡಿ, ದೊಡ್ಡವ್ವನ ಎಡ ಮಗ್ಗುಲಿಗೆ ಬೆರಳು ತೋರಿಸಿದ.

ಈಜುಕೊಳ ಹತ್ತಿರವೇ ಇತ್ತು, ನೆಲವೆಲ್ಲ ಒದ್ದೆ, ಮಕ್ಕಳ ಕಾಲಿನ ಗುರುತುಗಳು ಎಲ್ಲ ಕಡೆ ಇದ್ದವು. ಆ ಎರಡು ಕುರ್ಚಿಗಳ ಹತ್ತಿರ ಎಷ್ಟು ಜೊತೆ ಗುರುತುಗಳಿದ್ದವು ಎಂದು ಕೇಳಬೇಡಿ. ನಾನು ಎಣಿಸಲಿಲ್ಲ. ದೊಡ್ಡವ್ವ ಎಡಕ್ಕೆ ಬಾಗಿ ಗಾಳಿಯನ್ನೊಮ್ಮೆ ಸವರಿ, "ಶ್ಯಾಣ್ಯಾ ಅದಿ" ಅಂದಳು. ಆಮೇಲೆ ಲಾಭದಿಂದ ನಾಲ್ಕರವರೆಗೆ ಎಣಿಸಿದಳು. ಹೆಂಡತಿ ಮಗನನ್ನು ಅಪ್ಪಿಕೊಂಡು ಒದ್ದೆ ನೆಲದ ಮೇಲೇ ಕುಳಿತು ಅತ್ತಳು. ಮೂರಾಯಿತು ಎಂದು ಹೇಳಲಿಲ್ಲ. ಆ ಸಂಜೆ, ಹಿಂದಿನ ದಿನ ನಾನು ಬಿಚ್ಚಿದ್ದ ಟವೆಲನ್ನು ಅವಳೇ ಮಡಚಿ ಮಡಚಿ ಆನೆ ಮಾಡಲು ನೋಡಿದಳು. ಅದು ಕತ್ತೆಯ ಹಾಗೆ ಬಂತು.

ಮರುದಿನ ಮುಂಜಾನೆ ಇಳಿಯುವಾಗ ಮೆಟ್ಟಿಲ ಹತ್ತಿರ ಗದ್ದಲವೋ ಗದ್ದಲ. ದೊಡ್ಡವ್ವ ಎಣಿಸಲು ಕೈ ಎತ್ತಲಿಲ್ಲ. ಷರತ್ತು ನೆನಪಿತ್ತು ಆಕೆಗೆ, ತುಟಿ ಕಚ್ಚಿ ನಿಂತಿದ್ದಳು. ಹೆಂಡತಿ ನಮ್ಮನ್ನೆಲ್ಲ ದಾಟಿ ಮುಂದೆ ಬಂದಳು. ಹಿಂದಿನವರು ಬೈಯುತ್ತಿದ್ದರೂ ಮೆಟ್ಟಿಲಿಗೆ ಅಡ್ಡ ನಿಂತಳು. ದೊಡ್ಡವ್ವನ ಎಡ ಮಗ್ಗುಲಿನಲ್ಲಿ, ನಮ್ಮ ದೊಡ್ಡಾಕಿಯಷ್ಟು ಎತ್ತರದಲ್ಲಿ, ಏನೂ ಇಲ್ಲದ ಕಡೆ ಅಂಜುತ್ತ ಕೈ ಇಟ್ಟು "ಲಾಭ" ಅಂದಳು.

ದೊಡ್ಡವ್ವ ಅವಳ ಮಣಿಕಟ್ಟು ಹಿಡಿದು, ಕೈಯನ್ನು ಮೆಲ್ಲಗೆ ಸೊಂಟದವರೆಗೆ ಕೆಳಗಿಳಿಸಿದಳು.

"ಅಷ್ಟ ಎತ್ತರ ಅಲ್ಲವ್ವಾ. ಅಂವಾ ಇನ್ನೂ ಇಷ್ಟ ಅದಾನ."