ಹೊಗೆಯ ದಾರಿ ತಪ್ಪಿಸಿದ ಕಾಕಾ

ನಮ್ಮ ಕಾಕಾ ಜೀವಮಾನದಲ್ಲಿ ಯಾರನ್ನೂ ದಾರಿ ತಪ್ಪಿಸಿದವರಲ್ಲ, ಹೊಗೆಯೊಂದನ್ನು ಬಿಟ್ಟು!

ರಾಣೆಬೆನ್ನೂರಿನ ಅವರ ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಬಂಬ್ ಇದೆ. ಕೆಳಗೆ ಬೆಂಕಿ, ಸುತ್ತ ನೀರು, ನಡುವೆ ಹೊಗೆಯ ಕೊಳವೆ. ಹೊಗೆ ಅದರಲ್ಲಿ ನೆಟ್ಟಗೆ ಏರಿ ಹೊರಟುಹೋಗುವುದು ಕಾಕಾನಿಗೆ ಸಹಿಸಲಾಗದ ಅನ್ಯಾಯ.

"ಸೀದಾ ಹೋಗೋ ಹೊಗಿ ಅವಸರದ ಬೀಗ ಇದ್ದಂಗ. ಬಾಗಲದಾಗ ನಿಂತು ಹೊಂಟಬಿಡತಾನ. ಮನಿಯೆಲ್ಲಾ ತಿರಗ್ಯಾಡಸು, ಚೀಲದಾಗಿಂದೆಲ್ಲಾ ಇಳಿಸಿ ಹೋಗತಾನ! ಹೊಗಿನೂ ಹಂಗ, ತಿರಗಿಸಿದ್ರ ಕಾವೆಲ್ಲಾ ನೀರಿಗೆ ಇಳಿಸತೈತಿ."

ಹೀಗಾಗಿ ತಗಡಿನ ಪಟ್ಟಿ ತಿರುಚಿ ಕೊಳವೆಯೊಳಗೆ ಇಳಿಬಿಡುವುದು ಅವರ ನಿತ್ಯಕರ್ಮ. ಹಾವೇರಿಯ ಗುಜರಿ ಅಂಗಡಿಯಲ್ಲಿ ತಗಡು ಸಿಗದ ದಿನ ಮನೆಯ ಎಣ್ಣೆ ಡಬ್ಬಿಯೇ ಮಾಯ.

"ಡಬ್ಬಿ ಎಲ್ಲೈತ್ರಿ?" ಎಂದರು ಅವರ ಹೆಂಡತಿ, ನಮ್ಮ ಕಾಕು.

"ವಿಜ್ಞಾನಕ್ಕ ಹೋತು."

"ಎಣ್ಣಿ?"

"ಸುರಕ್ಷಿತ ಐತಿ. ನಿನ್ನ ಹಾಲಿನ ಪಾತೇಲ್ಯಾಗ."

ಅಷ್ಟರಲ್ಲಿ ಬ್ಯಾಡಗಿಗೆ ಕೊಟ್ಟ ಮಗಳು ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಕಾಕುವಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಹೊಗೆಯ ಬಳಿ ಸುಳಿಯಕೂಡದೆಂದು ಡಾಕ್ಟರ ಆಜ್ಞೆ. ಆದರೆ ಬಾಣಂತಿಗೆ ಕರೆಂಟಿನಲ್ಲಿ ಕಾಯಿಸಿದ ನೀರು ಹಾಕಬಾರದೆಂಬುದು ಕಾಕುವಿನ ಸಂವಿಧಾನ! "ಬಾಣಂತಿಗೂ ಕೂಸಿಗೂ ಎರಿಯೋ ಆಯಿ ಬರೂದ್ರಾಗ ನೀರು ಕಾಯಲಿಲ್ಲಂದ್ರ ನಾನ ಕುಂತು ಊದತೇನಿ. ಕಣ್ಣು ಹೋದ್ರ ಹೋಗ್ಲಿ!"

ಆಕೆ ಆಡಿದ್ದನ್ನು ಮಾಡುವವರು. ಕಾಕಾನ ಮುಖ ಬಿಳಿಚಿತು.

ಮರುದಿನ ಬೆಳಿಗ್ಗೆ ತಮ್ಮ ಮಹಾಕೃತಿಯನ್ನೇ ಕೊಳವೆಗೆ ಇಳಿಸಿದರು. ಆತಂಕದಲ್ಲಿ ಪಟ್ಟಿಯನ್ನು ಹಗ್ಗ ಹೊಸೆದಷ್ಟು ಬಿಗಿಯಾಗಿ ತಿರುಚಿದ್ದರು. ಬೆಂಕಿ ಹೊತ್ತಿತು. ಹೊಗೆ ಏರಿತು, ತಿರುಗಿತು, ಮತ್ತೆ ತಿರುಗಿತು, ದಾರಿ ಕಾಣದೆ ಬಚ್ಚಲಿಗೇ ವಾಪಸಾಯಿತು! ಹೊರಗೆ ಗೇಟು ಕಿರುಗುಟ್ಟಿತು. ಎರೆಯಲು ಆಯಿ ಬಂದಿದ್ದರು.

ಕಾಕು ಸೆರಗು ಸಿಕ್ಕಿಸಿ ಊದುಗೊಳವೆ ಎತ್ತಿಕೊಂಡರು. ಕಾಕಾ ಬಾಗಿಲಿಗೆ ಅಡ್ಡ ನಿಂತರು.

"ಆಚಿ ಸರೀರಿ."

"ಒಂಚೂರು ತಡಿ."

"ನಿಮ್ಮ ಒಂಚೂರು ನನಗ ಗೊತ್ತಿಲ್ಲೇನು? ಕೂಸು ಅಳಾಕತ್ತೈತಿ, ಸರೀರಿ!"

ಕಾಕಾ ಒಳನುಗ್ಗಿ ಕಾದ ಪಟ್ಟಿಯನ್ನು ಇಕ್ಕಳದಿಂದ ಎಳೆದರು. ಚಪ್ಪಲಿಗಾಲಲ್ಲಿ ತುಳಿದು ಹಿಡಿದು ತಿರುವು ಸಡಿಲಿಸಿದರು. ಚಪ್ಪಲಿ ಸುಟ್ಟಿತು, ಅದೂ ವಿಜ್ಞಾನಕ್ಕೇ ಹೋಯಿತು. "ಹೊಗಿ ತಿರಗಬೇಕು, ಸಿಗಿಬೀಳಬಾರದು" ಎಂದು ಗೊಣಗುತ್ತ ಮತ್ತೆ ಇಳಿಬಿಟ್ಟರು. ನಾವೆಲ್ಲ ಬಾಗಿಲಲ್ಲಿ ಇಣುಕಿದೆವು.

ಬೆಂಕಿ ಗುರ್ ಎಂದಿತು! ಬಚ್ಚಲು ತಿಳಿಯಾಯಿತು. ನಾಲ್ಕು ಕಟ್ಟಿಗೆ ಉರಿಯುವುದರೊಳಗೆ ಬಂಬಿನ ನಳದಿಂದ ಹಬೆ ಹೊರಟಿತು.

ಕಾಕು ಕಪ್ಪು ಕನ್ನಡಕ ಹಾಕಿಕೊಂಡೇ ಬಕೆಟ್ಟಿಗೆ ಬೆರಳದ್ದಿ, ತಟ್ಟನೆ ಹಿಂದೆಳೆದರು. ಊದುಗೊಳವೆಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ ಮೊಮ್ಮಗುವಿನ ಕಡೆ ನಡೆದರು.

ಕಾಕಾ ಗೋಡೆಗೆ ಮುಖಮಾಡಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಯಾಕ ಕಾಕಾ?" ಎಂದೆ.

"ಏನಿಲ್ಲೋ, ಹೊಗಿ."

ಬಚ್ಚಲಲ್ಲಿ ಒಂದೆಳೆ ಹೊಗೆಯೂ ಇರಲಿಲ್ಲ. ತಮ್ಮ ಆವಿಷ್ಕಾರದ ಮೇಲೆ ಕಾಕಾ ತಾವಾಗಿ ಹೊರಿಸಿದ ಒಂದೇ ಒಂದು ಆರೋಪ ಅದು.