ಜೋಲಿ ಎತ್ತಿ, ಹತ್ತೆಣಿಸಿ

ಗಂಗಾನಗರದಲ್ಲಿ ನಾನು ಫಿಸಿಯೋಥೆರಪಿ ಮಾಡುತ್ತೇನೆ, ಅದೂ ಹೆಂಗಸರ ಸೊಂಟದ ಒಳಗಿನ ಸ್ನಾಯುಗಳಿಗೆ. ಯಾರೂ ಬಾಯಿಬಿಟ್ಟು ಹೇಳದ ಜಾಗದ ಕೆಲಸ. ಹಾಗಾಗಿ ಫಜೀತಿಗಳಿಗೆ ಬರವಿಲ್ಲ.

ಬ್ಯಾಗಿನಲ್ಲಿ ಸೊಂಟ

ಹೊಸ ಪೇಷಂಟಿಗೆ ತೋರಿಸಲೆಂದು ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ ಕೊಂಡು, ವಾಪಸ್ ಬರಲು ಯಶವಂತಪುರದವರೆಗೆ ಮೆಟ್ರೊ ಹಿಡಿಯಲು ಹೋದೆ. ಸೆಕ್ಯುರಿಟಿಯಾಕೆ ಸ್ಕ್ಯಾನಿಂಗ್ ಪರದೆ ನೋಡಿದಳು, ನನ್ನ ಮುಖ ನೋಡಿದಳು.

"ಮೇಡಂ, ಇದು ಮನುಷ್ಯರದ್ದಾ?"

"ಪ್ಲಾಸ್ಟಿಕ್ ಕಣಮ್ಮಾ. ಪೇಷಂಟ್‌ಗೆ ತೋರ್ಸೋಕೆ."

ತೆಗೆಸಿ, ತಿರುಗಿಸಿ ನೋಡಿದಳು. "ಹಿಂದ್ಗಡೆ ಇಲ್ಲಿ ನೋವು ಬಂದ್ರೆ ಏನ್ ಮಾಡ್ಬೇಕು ಮೇಡಂ? ದಿನವೆಲ್ಲಾ ನಿಂತೇ ಇರ್ತೀನಿ."

ಪಾಪ ಅನ್ನಿಸಿತು. ಹೇಗೆ ಬಾಗಬೇಕೆಂದು ಅಲ್ಲೇ ತೋರಿಸಿದೆ. ಹಿಂದೆ ಕ್ಯೂನಲ್ಲಿದ್ದ ನಾಲ್ವರು ಹೆಂಗಸರೂ ಬಾಗಿದರು. ಎರಡು ರೈಲು ಹೋದವು, ಒಬ್ಬರೂ ಗೊಣಗಲಿಲ್ಲ.

ಮುಖಕ್ಕೆ ಗೊತ್ತಾಗಬಾರದು

ಆ ಹೊಸ ಪೇಷಂಟು ನಮ್ಮ ಬೀದಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅಜ್ಜಿ. ಎಪ್ಪತ್ತು ದಾಟಿದವರು. ಕೆಮ್ಮಿದರೆ, ನಕ್ಕರೆ ನಾಲ್ಕು ಹನಿ ಮೂತ್ರ ಜಾರುತ್ತದೆ. ನಮಾಜಿನ ಮಧ್ಯೆ ಹಾಗಾದರೆ ಎದ್ದು ಹೋಗಿ, ಕೈಕಾಲು ಮುಖ ತೊಳೆದು ಶುದ್ಧವಾಗುವ ವುಜೂವನ್ನು ಮತ್ತೆ ಮಾಡಬೇಕು.

"ಮೂರು ತಿಂಗಳಿಗೆ ಮೊಮ್ಮಗಳ ಶಾದಿ ಅಮ್ಮಾ. ಅಳೋಕೆ ಭಯ ಇಲ್ಲ, ನಗೋಕೇ ಭಯ," ಎಂದರು.

ಮೂಳೆ ಹಿಡಿದು ವಿವರಿಸಿದೆ: ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಸ್ನಾಯುಗಳು ಜೋಲಿ ಕಟ್ಟಿಕೊಂಡಿವೆ. ಮೂತ್ರಚೀಲ, ಗರ್ಭಕೋಶ ಎಲ್ಲ ಅದರ ಮೇಲೆ. ಹೆತ್ತು ಹೆತ್ತು ಆ ಜೋಲಿ ಸಡಿಲವಾಗಿದೆ.

"ಮೂತ್ರ ತಡೆಯೋ ಹಾಗೆ ಜೋಲಿ ಮೇಲೆತ್ತಿ, ಹತ್ತೆಣಿಸಿ."

ಖಾಲಾ ಹುಬ್ಬು ಎತ್ತಿದರು, ಭುಜ ಎತ್ತಿದರು, ಉಸಿರು ಕಟ್ಟಿದರು.

"ಮುಖಕ್ಕೆ ಗೊತ್ತಾಗ್ಬಾರ್ದು ಖಾಲಾ."

"ಐದು ಹೆತ್ತಿದ್ದೀನಿ. ಅಷ್ಟೂ ಮುಖಕ್ಕೆ ಗೊತ್ತಾಗಿದೆ. ಈಗ್ಯಾಕೆ ಮುಚ್ಚಿಡ್ಲಿ?"

ಮದುವೆ ಫೋಟೊ

ಮದುವೆ ತಣಿಸಂದ್ರದ ಹಾಲ್‌ನಲ್ಲಿ. ಹೆಂಗಸರ ಕಡೆ ಫೋಟೊ ತೆಗೆಯಲು ಬಂದ ಹೆಣ್ಣುಮಗಳು "ಎಲ್ರೂ ಸ್ಮೈಲ್ ಮಾಡಿ" ಎಂದಳು. ಮುಂದಿನ ಸಾಲಿನ ಎಂಟು ಹೆಂಗಸರ ಹುಬ್ಬುಗಳು ಒಟ್ಟಿಗೆ ಮೇಲೇರಿ ನಿಂತವು. ಒಬ್ಬರೂ ನಗಲಿಲ್ಲ.

"ಯಾಕ್ ಆಂಟಿ, ಏನಾಯ್ತು?"

ಖಾಲಾ ಕೈ ಅಡ್ಡ ಹಿಡಿದರು. "ನಿಲ್ಲಮ್ಮಾ, ಈಗಿನ್ನೂ ಏಳು."

ಬೀಗಿತ್ತಿಗೂ ಕಲಿಸಿಬಿಟ್ಟಿದ್ದರು! ಮದುಮಗಳು ಕಿಸಕ್ಕನೆ ನಕ್ಕಳು. ಅದನ್ನು ನೋಡಿ ಖಾಲಾಗೂ ತಡೆಯಲಾಗಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಕೆನ್ನೆ ಮೇಲೆ ನೀರಿಳಿಯುವವರೆಗೆ ನಕ್ಕರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ನಗು ನಿಂತ ಮೇಲೆ ಖಾಲಾ ಒಂದು ಕ್ಷಣ ಅಲ್ಲಾಡದೆ ಕೂತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಇಡೀ ಹಾಲ್‌ಗೆ ಕೇಳುವಂತೆ ಕೂಗಿದರು:

"ಡಾಕ್ಟರಮ್ಮಾ! ನೀರು ಕಣ್ಣಲ್ಲಿ ಮಾತ್ರ!"