ನೆಂಟರಿಲ್ಲದ ಉರುಗ್ವೆ

ರವಿಕುಮಾರನ ಫಜೀತಿ ಶುರುವಾದದ್ದು ಅಗ್ಗದ ಗೋಂದಿನಿಂದ. ಗದಗ ಕಡೆಯವನು, ಬೆಂಗಳೂರಿನ ಬಿಟಿಎಂನಲ್ಲಿ ಬಾಡಿಗೆಗಿದ್ದು ಒಂದು ಸೋಲಾರ್ ಕಂಪನಿಗೆ ಗಿರಾಕಿ ಹಿಡಿಯುತ್ತಿದ್ದ. ಮೂರು ತಿಂಗಳಿಂದ ಒಂದೂ ಆರ್ಡರ್ ಇಲ್ಲ. "ಇವತ್ತೂ ಬರಿಗೈಲಿ ಬರೋದಾದ್ರೆ ಬರ್ಲೇಬೇಡಿ," ಎಂದಿದ್ದರು ಮೇಲಧಿಕಾರಿ ಶುಭಾ ಮೇಡಂ.

ಅಂಜನಾಪುರದ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಸಭೆಯಲ್ಲಿ ಚಾರ್ಟು ಬಿಚ್ಚಿದ. ಇಪ್ಪತ್ತು ವರ್ಷಗಳಲ್ಲಿ ಯಾವ ದೇಶ ತನ್ನ ಕರೆಂಟಿನಲ್ಲಿ ನೂರಕ್ಕೆ ಎಷ್ಟು ಪಾಲು ನೀರು, ಗಾಳಿ, ಬಿಸಿಲಿನಿಂದ ತೆಗೆಯಿತೆಂದು ತೋರಿಸುವ ಬಣ್ಣದ ಗೆರೆಗಳು. ಗೆರೆಗಳ ಮೇಲೆ ಅಂಟಿಸಿದ್ದ ದೇಶಗಳ ಹೆಸರಿನ ಚೀಟಿಗಳು ಮಾತ್ರ ಅಕ್ಷತೆಯಂತೆ ನೆಲಕ್ಕುದುರಿದವು.

ಅಲಮೇಲು ಆಂಟಿ ಒಂದು ಚೀಟಿ ಎತ್ತಿಕೊಂಡರು. "ಜರ್ಮನಿನ ಮೇಲ್ಗಡೆ ಹಾಕಪ್ಪ. ನಮ್ ನಾದಿನಿ ಅಲ್ಲೇ ಇರೋದು."

"ಎಲ್ಲಾದ್ರೂ ಉಂಟಾ? ನಮ್ ಭಾವ ಇರೋ ಕೆನಡಾನೇ ಮೇಲೆ!" ಎಂದು ಗುಡುಗಿದರು ಅಧ್ಯಕ್ಷ ಜಯಸಿಂಹ.

"ಅಲ್ರೀ ಸರ್, ಗೆರಿ ಬೀಗರನ್ನ ನೋಡಿ ಏರಂಗಿಲ್ರೀ!" ರವಿಕುಮಾರ ಅಂಗಲಾಚಿದ.

ಕೊನೆಗೆ ಯಾರ ನೆಂಟರೂ ಇಲ್ಲದ ಉರುಗ್ವೆ, ಡೆನ್ಮಾರ್ಕ್ ಚೀಟಿಗಳಷ್ಟೇ ನೆಲದಲ್ಲಿ ಉಳಿದವು. "ನೆಟ್ಟಗೆ ಮೇಲಕ್ಕೆ ಹೋಗಿರೋ ಈ ಎರಡು ಗೆರೆ ಯಾರ್ದಪ್ಪ?" ಎಂದು ಕೇಳಿದರು ಮುಂದಿನ ಸಾಲಿನಲ್ಲಿದ್ದ ರುದ್ರಮ್ಮಜ್ಜಿ.

ಆ ಗೆರೆಗಳೆಂದರೆ ರವಿಕುಮಾರನಿಗೆ ನಿಜಕ್ಕೂ ಅಭಿಮಾನ. ಕೆಲಸದ ಚಿಂತೆಯೇ ಮರೆತುಹೋಯಿತು.

"ಇದು ಉರುಗ್ವೆ ರೀ, ಅಜ್ಜಿ. ಸಣ್ಣ ದೇಶ. ಮಳಿ ಕೈಕೊಟ್ರ ಎಣ್ಣಿ ಸುಟ್ಟು ಕರೆಂಟ್ ಮಾಡ್ತಿದ್ರು. ಹತ್ತು-ಹನ್ನೆರಡು ವರ್ಷದಾಗ ಬಯಲ ತುಂಬ ಗಾಳಿಯಂತ್ರ ನಿಲ್ಲಿಸಿಬಿಟ್ರು! ಈಗ ನೂರಕ್ಕ ತೊಂಬತ್ತು ಪಾಲು ಹೊಗೀನ ಇಲ್ಲದ ಕರೆಂಟು. ಡೆನ್ಮಾರ್ಕ್‌ನವ್ರಂತೂ ಸಮುದ್ರದಾಗೂ ನೆಟ್ಟಾರ. ಅರ್ಧಕ್ಕಿಂತ ಜಾಸ್ತಿ ಬರೇ ಗಾಳೀದು! ಎಂಥಾ ಮಂದಿ ರೀ ಅವ್ರು!"

ಸಭೆ ಉಸಿರು ಬಿಗಿಹಿಡಿದು ಕೇಳಿತು. ಜಯಸಿಂಹ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಷ್ಟು ಚಿಕ್ಕ ದೇಶ ಮಾಡಿದ್ದು ನಮ್ ಕೈಲಾಗಲ್ವಾ? ಒಪ್ಪಿಗೆ ಇರೋರು ಕೈ ಎತ್ತಿ!" ಎಲ್ಲ ಕೈಗಳೂ ಮೇಲೆದ್ದವು. ಅಲಮೇಲು ಆಂಟಿ ಎರಡೂ ಎತ್ತಿದರು.

ರವಿಕುಮಾರ ಅಲ್ಲೇ ನಿಂತು ಶುಭಾ ಮೇಡಂಗೆ ಫೋನು ಒತ್ತಿದ. "ಮೇಡಂ, ಒಬ್ರೂ ತಕರಾರು ತೆಗೀಲಿಲ್ರೀ!"

"ಸೂಪರ್! ಎಷ್ಟು ಪ್ಯಾನೆಲ್ಲು?"

ಅವನು ಜಯಸಿಂಹರತ್ತ ತಿರುಗಿದ. "ಎಷ್ಟು ಪ್ಯಾನೆಲ್ ಅಂತ ಬರ್ಕೊಳ್ಳಲಿ, ಸರ್?"

"ಪ್ಯಾನೆಲ್ ಯಾಕ್ರೀ? ನಮ್ ಕಣ್ ತೆರೆಸಿದ್ದೇ ನೀವು! ಟ್ಯಾಂಕ್ ಮೇಲೊಂದು, ಗೇಟ್ ಹತ್ರ ಒಂದು, ಎರಡು ಗಾಳಿಯಂತ್ರ ಕಳ್ಸಿ."

"ಹಲೋ? ಎಷ್ಟು ಅಂದ್ರಿ?" ಮೇಡಂ ಕೂಗುತ್ತಲೇ ಇದ್ದರು.

ಕಿಟಕಿಯಾಚೆ ತೆಂಗಿನ ಒಂದು ಗರಿಯೂ ಅಲುಗುತ್ತಿರಲಿಲ್ಲ.